ಮನೆಯಲ್ಲೊಂದು ಹಾಡಿನ ಭಂಡಾರ

ಒಬ್ಬ ಗಾಯಕನ ಕಂಠಕ್ಕೆ ಮನಸೋತವರು ಆತನ ಹಾಡುಗಳಲ್ಲಿ ತಮಗೆ ಮೆಚ್ಚಿಕೆಯಾದವನ್ನೆಲ್ಲ ಒಂದೆಡೆ ಕಲೆಹಾಕಿ, ಬೇಕೆಂದಾಗ, ಬೇಕಾದ ಕ್ರಮದಲ್ಲಿ ಕೇಳಬೇಕೆಂದು ಬಯಸುವುದು ಸಹಜವೇ ಆಗಿದೆ. ಅಂಗಡಿಯಲ್ಲಿ ದೊರೆಯುವ ಸಂಗ್ರಹಗಳಿಂದ ಈ ಬಯಕೆ ಪೂರ್ತಿಯಾಗಿ ತೀರುವುದಿಲ್ಲ. ಕಂಪನಿಯವರು ಆರಿಸಿದ ಹನ್ನೆರಡು ಹಾಡುಗಳಲ್ಲಿ ನಮಗೆ ಬೇಕಾದವು ಏಳೆಂಟು ಇದ್ದರೆ ಹೆಚ್ಚು. ಉಳಿದವನ್ನು ದಾಕ್ಷಿಣ್ಯಕ್ಕೆಂದು ಕೇಳಬೇಕಾಗುತ್ತದೆ. ಆದಕಾರಣ ರಸಿಕರು ತಮ್ಮ ಸಂಗ್ರಹವನ್ನು ತಾವೇ ಕಟ್ಟಿಕೊಳ್ಳುತ್ತ ಬಂದಿದ್ದಾರೆ. ಇಂದಿನ ತರುಣರು ಮೊಬೈಲ್ ಫೋನಿನಲ್ಲಿ ಕ್ಷಣಮಾತ್ರದಲ್ಲಿ ಹಾಡುಗಳ ಪಟ್ಟಿಯೊಂದನ್ನು ಮಾಡಿಕೊಳ್ಳಬಲ್ಲರು. ಆದರೆ ಪಟ್ಟಿಯೇ ಬೇರೆ, ಭಂಡಾರವೇ ಬೇರೆ. ಪಟ್ಟಿಯಲ್ಲಿರುವ ಹಾಡು ದೂರದ ಯಾವುದೋ ಕಂಪನಿಯ ಯಂತ್ರದಲ್ಲಿರುವುದು. ಕರಾರು ಮುಗಿದು ಕಂಪನಿಯವರು ಅದನ್ನು ಹಿಂತೆಗೆದುಕೊಂಡ ದಿನ ನಮ್ಮಲ್ಲಿ ಹಾಡಿನ ಹೆಸರು ಮಾತ್ರ ಉಳಿಯುವುದು.

ಮೊಳಕಾಲ್ಮೂರು ಎಂದೊಡನೆ ವಾಚಕರಿಗೆ ರೇಷ್ಮೆ ಸೀರೆ ನೆನಪಾಗುತ್ತದೆ. ಆ ಊರಿನಲ್ಲಿ, ಮತ್ತು ನೆರೆಯ ಚಳ್ಳಕೆರೆ ಸೀಮೆಯಲ್ಲಿ, ಹಿಂದಿನ ತಲೆಮಾರಿನವರು ಕಟ್ಟಿದ ಹಾಡಿನ ಭಂಡಾರಗಳು ಅಟ್ಟದ ಮೇಲೆ, ಕಬ್ಬಿಣದ ಟ್ರಂಕುಗಳಲ್ಲಿ ಇನ್ನೂ ಬಿದ್ದಿವೆ. ಹರಿದ ಕಾಗದದ ಚೀಲಗಳಲ್ಲಿ ಕಪ್ಪು ಪ್ಲೇಟುಗಳು. ಮುಚ್ಚಳ ಮುರಿದ ಡಬ್ಬಿಗಳಲ್ಲಿ ಕ್ಯಾಸೆಟ್ಟುಗಳು. ಅವನ್ನು ನುಡಿಸುವ ಯಂತ್ರಗಳು ಕೆಟ್ಟು ಮೂಲೆ ಸೇರಿವೆ. ರಿಪೇರಿ ಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಳೆಯ ಸಾಮಾನು ಕೊಳ್ಳುವವನು ಬೀದಿಗೆ ಬಂದಾಗ ಮೊದಲು ಹೊರಬೀಳುವ ವಸ್ತುಗಳು ಇವೇ. ಆದುದರಿಂದ ಇಂಥ ಭಂಡಾರವನ್ನು ಉಳಿಸಿ ಹೊಸದಾಗಿ ಕಟ್ಟುವ ಬಗೆಯನ್ನೂ, ಅದರ ಹಿಂದಿರುವ ವಿಜ್ಞಾನವನ್ನೂ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಉದಾಹರಣೆಗೆ ಪಿ. ಬಿ. ಶ್ರೀನಿವಾಸ್ ಅವರ ಹಾಡುಗಳನ್ನೇ ತೆಗೆದುಕೊಳ್ಳಬಹುದು. 1930ರ ಸೆಪ್ಟೆಂಬರ್ 22ರಂದು ಕಾಕಿನಾಡದಲ್ಲಿ ಹುಟ್ಟಿ, 2013ರ ಏಪ್ರಿಲ್ 14ರಂದು ಚೆನ್ನೈಯಲ್ಲಿ ತೀರಿಕೊಂಡ ಇವರು, 1970ರ ದಶಕದ ನಡುಭಾಗದವರೆಗೆ ತೆರೆಯ ಮೇಲಿನ ರಾಜ್‌ಕುಮಾರರಿಗೆ ಬಹುಮಟ್ಟಿಗೆ ಕಂಠವಾಗಿದ್ದವರು. ಚಿತ್ರದುರ್ಗದ ಸೀಮೆಯವರಿಗೆ ಇವರನ್ನು ಮೆಚ್ಚಲು ಇನ್ನೊಂದು ಕಾರಣವುಂಟು. 1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರ ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿದ್ದು. ಆ 'ತ' ಎಂಬ ಅಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮವನ್ನು ಸೂಚಿಸುತ್ತದೆ. ದುರ್ಗದ ಕೋಟೆಯಲ್ಲಿ ಚಿತ್ರೀಕರಿಸಿದ ಅದರ ಓಬವ್ವನ ಹಾಡನ್ನು ಹಾಡಿದವರು ಶ್ರೀನಿವಾಸರೇ. ವಿಜ್ಞಾನದ ದೃಷ್ಟಿಯಿಂದಲೂ ಇವರ ಆಯ್ಕೆ ಅನುಕೂಲವಾದುದು. ಅವರ ಒಂದು ಕಂಠ ಅರಗಿನ ಪ್ಲೇಟು, ಪ್ಲಾಸ್ಟಿಕ್ ಪ್ಲೇಟು, ಕ್ಯಾಸೆಟ್ಟು, ಸಿ.ಡಿ., ಕಂಪ್ಯೂಟರಿನ ಕಡತ ಎಂಬ ಐದು ವಾಹನಗಳನ್ನು ಏರಿ ಬಂದಿದೆ. ಅಲ್ಲದೆ ಅದು ಮೃದುವಾದ, ಮಂದ್ರದಲ್ಲಿ ಸುಖವಾಗಿ ನಿಲ್ಲುವ ಕಂಠ. ಧ್ವನಿಮುದ್ರಣದ ದೋಷಗಳು ಕೂಗಿ ಹಾಡುವವರನ್ನು ಅಷ್ಟಾಗಿ ಬಾಧಿಸವು. ಮೆಲ್ಲನೆ ಹಾಡುವವರ ಮೇಲೆಯೇ ಅವುಗಳ ಪ್ರತಾಪವೆಲ್ಲ.

ಮೊದಲು ಅರಗಿನ ಪ್ಲೇಟು. ನಿಮಿಷಕ್ಕೆ 78 ಸುತ್ತು ತಿರುಗುವ, ಹತ್ತು ಅಂಗುಲ ಅಗಲದ ಈ ತಟ್ಟೆಯ ಮುಖ್ಯ ಬಂಧಕದ್ರವ್ಯ ನಮ್ಮ ಬಳೆಗಾರರಿಗೂ ಬಡಗಿಗಳಿಗೂ ಪರಿಚಿತವಾದ ಅರಗು. ಮುತ್ತುಗ, ಎಲಚಿ ಮೊದಲಾದ ಮರಗಳ ಕೊಂಬೆಗಳಲ್ಲಿ ಒಂದು ಸಣ್ಣ ಕೀಟ ಸ್ರವಿಸುವ ಅಂಟು ಅದು. ಇದಕ್ಕೆ ಕಲ್ಲಿನ ನುಣ್ಣನೆಯ ಪುಡಿಯನ್ನೂ ಕಾಡಿಗೆಯನ್ನೂ ಕಲಸಿ ಬಿಸಿಯಾಗಿ ಅಚ್ಚೊತ್ತಿದರೆ ಪ್ಲೇಟು ಸಿದ್ಧವಾಯಿತು. ಅದರ ಮೈಮೇಲೆ ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಹರಿಯುವ ಒಂದೇ ಒಂದು ಗೀರು ಇರುತ್ತದೆ. ಗಾಯಕನ ಧ್ವನಿ ಗಾಳಿಯಲ್ಲಿ ಹೇಗೆ ತುಯ್ದಾಡಿತೋ ಹಾಗೆಯೇ ಆ ಗೀರೂ ಎಡಕ್ಕೂ ಬಲಕ್ಕೂ ಬಳುಕಿರುತ್ತದೆ. ಮುಳ್ಳು ಆ ಬಳುಕನ್ನು ಅನುಸರಿಸಿ ಕಂಪಿಸಿದಾಗ ಹಾಡು ಮರಳಿ ಹುಟ್ಟುತ್ತದೆ.

ಲೆಕ್ಕದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಒಂದು ಅಂದಾಜು ಮಾಡಬಹುದು. ಗೀರುಗಳಿರುವ ಪಟ್ಟಿಯ ಅಗಲ ಸುಮಾರು 7 ಸೆಂಟಿಮೀಟರು. ಅದರಲ್ಲಿ ಸುಮಾರು 250 ಸುತ್ತುಗಳು ಹಿಡಿಸುತ್ತವೆ. ನಿಮಿಷಕ್ಕೆ 78 ಸುತ್ತಿನಂತೆ ಇವು ಮುಗಿಯಲು ಮೂರು ನಿಮಿಷಕ್ಕೆ ಸ್ವಲ್ಪ ಮೇಲಾಗುತ್ತದೆ. ಸರಾಸರಿ ತ್ರಿಜ್ಯ 8.5 ಸೆಂಟಿಮೀಟರು ಎಂದಿಟ್ಟುಕೊಂಡರೆ, ಒಂದು ಹಾಡಿನ ಉದ್ದ ಸುಮಾರು 133 ಮೀಟರು! ಸಿನಿಮಾದಲ್ಲಿ ಐದು ನಿಮಿಷ ನಡೆಯುವ ಹಾಡು ಪ್ಲೇಟಿನ ಒಂದೇ ಮುಖದಲ್ಲಿ ಹಿಡಿಸುತ್ತಿರಲಿಲ್ಲವೆಂಬುದು ಇದರಿಂದ ಗೊತ್ತಾಗುತ್ತದೆ. ಪ್ಲೇಟಿಗಾಗಿ ಒಂದು ಚರಣವನ್ನೋ ನಡುವಣ ವಾದ್ಯಸಂಗೀತವನ್ನೋ ಕತ್ತರಿಸುತ್ತಿದ್ದರು. ಕೆಲವೊಮ್ಮೆ ಹಾಡನ್ನು ಎರಡು ಮುಖಗಳಿಗೆ ಹಂಚುತ್ತಿದ್ದರು. ಸಂಗ್ರಹಕಾರನು ಎದುರಿಸಬೇಕಾದ ಮೊದಲ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ: ಸಿನಿಮಾದ ಹಾಡು ಮೂಲವೋ, ಪ್ಲೇಟಿನ ಹಾಡು ಮೂಲವೋ? ಎರಡನ್ನೂ ಇಟ್ಟುಕೊಂಡು, ಯಾವುದು ಯಾವುದೆಂದು ಬರೆದಿಡುವುದೇ ಸರಿಯೆಂದು ನಮಗೆ ತೋರುತ್ತದೆ.

ಇನ್ನೊಂದು ಕುತೂಹಲಕರ ಸಂಗತಿಯುಂಟು. ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 98 ಸೆಂಟಿಮೀಟರು ವೇಗದಲ್ಲಿ ಸಾಗಿದರೆ, ಹಾಡಿನ ಕೊನೆಯಲ್ಲಿ ತ್ರಿಜ್ಯ 5 ಸೆಂಟಿಮೀಟರಿಗೆ ಇಳಿದಾಗ ಆ ವೇಗ 41ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 5,000 ಕಂಪನಗಳುಳ್ಳ ಒಂದು ತೆಳು ಧ್ವನಿಯ ಅಲೆಗೆ ಆರಂಭದಲ್ಲಿ 0.2 ಮಿಲಿಮೀಟರಿನಷ್ಟು ಜಾಗ ಸಿಕ್ಕಿದರೆ ಕೊನೆಯಲ್ಲಿ 0.08 ಮಿಲಿಮೀಟರು ಮಾತ್ರ. ಕಿಕ್ಕಿರಿದ ಈ ಅಲೆಗಳನ್ನು ಮುಳ್ಳು ಸರಿಯಾಗಿ ಅನುಸರಿಸಲಾರದು. ಕೊನೆಯ ಚರಣ ಸ್ವಲ್ಪ ಮಂಕಾಗಿ ಕೇಳಿಸಿದರೆ ಗಾಯಕರು ದಣಿದರೆಂದು ಭಾವಿಸಬೇಕಾಗಿಲ್ಲ.

ಪ್ಲೇಟುಗಳನ್ನು ತೊಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಪಾಲಿಷ್ ತಯಾರಿಸುತ್ತಾರೆ. ಹೀಗಿರಲು, ಅರಗಿನ ಪ್ಲೇಟನ್ನು ಸ್ಪಿರಿಟ್ಟಿನಿಂದಲೋ ಕೈ ಶುದ್ಧಿಮಾಡುವ ದ್ರವದಿಂದಲೋ ಒರಸಿದರೆ ಗೀರುಗಳೇ ಕರಗಿ ಹಾಡು ಬಟ್ಟೆಗೆ ಅಂಟಿಕೊಳ್ಳುವುದು! ತಣ್ಣೀರಿಗೆ ಒಂದೆರಡು ತೊಟ್ಟು ಸೌಮ್ಯವಾದ ಸಾಬೂನು ದ್ರವ ಹಾಕಿ, ನಡುವಣ ಕಾಗದದ ಚೀಟಿ ನೆನೆಯದಂತೆ, ಗೀರಿನ ದಿಕ್ಕಿನಲ್ಲಿಯೇ ಮೆತ್ತಗೆ ಒರಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ನೆರಳೆಂದು ಹೇಳಲು ಕಾರಣವಿದೆ. ಮೊಳಕಾಲ್ಮೂರಿನ ಏಪ್ರಿಲ್ ತಿಂಗಳ ಬಿಸಿಲಿಗೆ ಅರಗು ಮೆತ್ತಗಾಗಿ ಪ್ಲೇಟು ಹಪ್ಪಳದಂತೆ ಮುರುಟುತ್ತದೆ.

ನುಡಿಸುವ ಮುಳ್ಳೂ ತಕ್ಕದ್ದಾಗಿರಬೇಕು. ಅರಗಿನ ಪ್ಲೇಟಿನ ಗೀರು ಅಗಲವಾದುದು. ಅದಕ್ಕೆ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್ ಇರುವ ಮುಳ್ಳು ಬೇಕು. ಪ್ಲಾಸ್ಟಿಕ್ ಪ್ಲೇಟಿನ ಮುಳ್ಳು ಇದರ ಮೂರನೆಯ ಒಂದು ಪಾಲಿಗಿಂತ ಹೆಚ್ಚಿರುವುದಿಲ್ಲ. ಈ ಸಣ್ಣ ಮುಳ್ಳನ್ನು ದೊಡ್ಡ ಗೀರಿನಲ್ಲಿ ಇಳಿಬಿಟ್ಟರೆ ಅದು ಹಾಡಿರುವ ಗೋಡೆಗಳನ್ನು ಬಿಟ್ಟು ಕಸವಿರುವ ತಳವನ್ನು ಕೆರೆಯುತ್ತ ಹೋಗುತ್ತದೆ. ಶ್ರೀನಿವಾಸರ ಮಂದ್ರಸ್ವರದ ಜಾಗದಲ್ಲಿ ಹುರಿಗಡಲೆ ಹುರಿಯುವ ಸದ್ದು ಕೇಳಿಸುವುದು ಹೀಗೆಯೇ.

ವೇಗವನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ದುಂಡಗೆ ಕತ್ತರಿಸಿದ ಬಿಳಿ ರಟ್ಟಿನ ಅಂಚಿನಲ್ಲಿ ಸಮದೂರದಲ್ಲಿ 77 ಕಪ್ಪು ಗೆರೆಗಳನ್ನು ಎಳೆದು ಯಂತ್ರದ ಮೇಲಿಟ್ಟು ತಿರುಗಿಸಬೇಕು. ನಮ್ಮ ಮನೆಗಳ ವಿದ್ಯುತ್ತಿನ ಆವರ್ತ 50; ಅದರಿಂದ ಉರಿಯುವ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ 77.92, ಎಂದರೆ ಸರಿಯಾಗಿದೆಯೆಂದು ತಿಳಿಯಬೇಕು. ಮುಂದಕ್ಕೆ ತೆವಳಿದರೆ ವೇಗ ಹೆಚ್ಚಾಯಿತು, ಹಿಂದಕ್ಕೆ ಸರಿದರೆ ಕಡಿಮೆಯಾಯಿತು. ಟೆಸ್ಟರಿನೊಳಗಿರುವ ಪುಟ್ಟ ದೀಪವೂ ನಿಯಾನ್ ದೀಪವೇ. ಈಗಿನ ಎಲ್.ಇ.ಡಿ. ದೀಪಗಳಲ್ಲಿ ಅನೇಕವು ಹೀಗೆ ಮಿನುಗವಾದುದರಿಂದ ಅವು ಈ ಕೆಲಸಕ್ಕೆ ಬಾರವು. ಎರಡು ಸುತ್ತು ಹೆಚ್ಚು ಕಡಿಮೆಯಾದರೆ ಏನಾಯಿತೆಂದು ಕೇಳುವವರಿದ್ದಾರೆ. 78ರ ಬದಲು 80 ಆದರೆ ಶ್ರುತಿ ಸುಮಾರು ಅರ್ಧ ಸ್ವರಸ್ಥಾನದಷ್ಟು ಮೇಲೇರುತ್ತದೆ. ಹಾರ್ಮೋನಿಯಂ ನುಡಿಸುವವರು ಇದನ್ನು ಕೂಡಲೇ ಹಿಡಿಯುತ್ತಾರೆ. ಉಳಿದವರಿಗೆ ಹಾಡು 'ಎಲ್ಲೋ ಸ್ವಲ್ಪ ಬೇರೆ' ಎನ್ನಿಸುತ್ತದೆ.

ಇನ್ನು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿಯವರು 1963ರಲ್ಲಿ ಹೊರತಂದ ಈ ಸಾಧನ ನಮ್ಮ ಸಣ್ಣ ಊರುಗಳಲ್ಲಿ ಮನೆಮಾತಾದದ್ದು 1980ರ ದಶಕದಲ್ಲಿ. ಪ್ಲೇಟಿನ ಕಾಲದಲ್ಲಿ ಜನ ಕೇಳುಗರು ಮಾತ್ರವೇ ಆಗಿದ್ದರು. ಕ್ಯಾಸೆಟ್ಟು ಅವರನ್ನು ಸಂಗ್ರಹಕಾರರನ್ನಾಗಿ ಮಾಡಿತು. ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲೆಲ್ಲ ಹುಟ್ಟಿಕೊಂಡವು. ಅಂಗಡಿಗೆ ಕೊಡಲು ಹಣವಿಲ್ಲದವರು ರೇಡಿಯೋದ ಮುಂದೆ ಟೇಪ್ ರೆಕಾರ್ಡರನ್ನು ಇಟ್ಟುಕೊಂಡು, 1957ರ ಅಕ್ಟೋಬರಿನಲ್ಲಿ ಆರಂಭವಾದ ವಿವಿಧ ಭಾರತಿಯಲ್ಲಿಯೋ ಆಕಾಶವಾಣಿಯ ಬೇರೆ ಕೇಂದ್ರಗಳಲ್ಲಿಯೋ ತಮ್ಮ ಹಾಡು ಬರುವುದನ್ನು ಬೆಕ್ಕಿನಂತೆ ಕಾದು ಕುಳಿತಿರುತ್ತಿದ್ದರು.

ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮುಖಕ್ಕೆ ಎಷ್ಟು ಹಾಡು ಹಿಡಿಸುತ್ತವೆ ಎಂಬುದು ಅಂದಿನ ರಸಿಕರ ನಿತ್ಯದ ಗಣಿತವಾಗಿತ್ತು. ಮೂರೂಕಾಲು ನಿಮಿಷದ ಒಂಬತ್ತು ಹಾಡುಗಳಿಗೆ 29 ನಿಮಿಷ 15 ಸೆಕೆಂಡು. ಎಂಟು ಎಡೆಗಳಿಗೆ ನಾಲ್ಕು ನಾಲ್ಕು ಸೆಕೆಂಡಿನಂತೆ 32 ಸೆಕೆಂಡು. ಒಟ್ಟು 29 ನಿಮಿಷ 47 ಸೆಕೆಂಡು. ಹದಿಮೂರು ಸೆಕೆಂಡು ಉಳಿಯಿತು. ತೊಂಬತ್ತು ನಿಮಿಷದ್ದನ್ನು ಕೊಂಡರೆ ಹಾಡು ಹೆಚ್ಚು ಹಿಡಿಸುತ್ತಿತ್ತು, ನಿಜ. ಆದರೆ ಅದೇ ಡಬ್ಬಿಯಲ್ಲಿ ಹೆಚ್ಚು ಉದ್ದದ ಟೇಪನ್ನು ಸುತ್ತಬೇಕಾದರೆ ಟೇಪು ತೆಳುವಾಗಲೇ ಬೇಕಷ್ಟೆ: ಅರವತ್ತರದು ಸುಮಾರು 18 ಮೈಕ್ರಾನ್, ತೊಂಬತ್ತರದು 12. ತೆಳು ಟೇಪು ಯಂತ್ರದ ಉರುಳೆಗಳಿಗೆ ಸುತ್ತಿಕೊಳ್ಳುವುದೂ ಹಿಗ್ಗುವುದೂ ಹೆಚ್ಚು. ಅಲ್ಲದೆ ಒಂದು ಸುತ್ತಿನ ಕಾಂತತ್ವ ಅದಕ್ಕೆ ಒತ್ತಿಕೊಂಡಿರುವ ಪಕ್ಕದ ಸುತ್ತಿಗೆ ನೆರಳಿನಂತೆ ಇಳಿಯುತ್ತದೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಹಾಡು ಆರಂಭವಾಗುವ ಸ್ವಲ್ಪ ಮುಂಚೆಯೇ ಅದರ ಮೊದಲ ಸ್ವರ ಬಹು ದೂರದಿಂದೆಂಬಂತೆ ಒಮ್ಮೆ ಕೇಳಿಸುವುದನ್ನು ಕೆಲವರಾದರೂ ಗಮನಿಸಿರಬಹುದು. ಭೂತಪ್ರೇತಗಳಿಗೆ ಇದರಲ್ಲಿ ಕೆಲಸವಿಲ್ಲ.

ಟೇಪಿನ ಮೇಲೆ ಹಾಡನ್ನು ಹಿಡಿದಿಡುವುದು ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಷ್ಟು ನಿಧಾನವಾಗಿ ಸಾಗುವುದರಿಂದ, 10,000 ಕಂಪನಗಳ ಒಂದು ಧ್ವನಿಯ ಅಲೆಗೆ ಟೇಪಿನ ಮೇಲೆ ಐದು ಮೈಕ್ರಾನಿಗಿಂತಲೂ ಕಡಿಮೆ ಜಾಗ. ಯಂತ್ರದ ಕಾಂತಶಿರದ ಸೀಳು ಕೂದಲೆಳೆಯಷ್ಟು ಓರೆಯಾದರೂ ಈ ಅಲೆಗಳು ಅಳಿಸಿದಂತೆ ಮಾಯವಾಗುತ್ತವೆ. 'ಸ', 'ಷ' ಅಕ್ಷರಗಳು ಮೊಂಡಾಗಿ ಹಾಡು ಕಂಬಳಿ ಹೊದ್ದಂತೆ ಕೇಳಿಸುತ್ತದೆ. ಕಾಂತಶಿರದ ಪಕ್ಕದ ಸಣ್ಣ ತಿರುಪನ್ನು, ಹಾಡು ನಡೆಯುತ್ತಿರುವಾಗಲೇ, ಅತಿ ಸ್ವಲ್ಪವಾಗಿ ಆಚೀಚೆ ತಿರುಗಿಸಿ, ತೆಳು ಧ್ವನಿಗಳು ಹೆಚ್ಚು ಸ್ಪಷ್ಟವಾಗುವಲ್ಲಿ ನಿಲ್ಲಿಸಿದರೆ ಎಷ್ಟೋ ಸಲ ಸತ್ತಂತಿದ್ದ ಕ್ಯಾಸೆಟ್ಟು ಬದುಕುತ್ತದೆ.

ಕಣಗಳನ್ನು ಟೇಪಿಗೆ ಹಿಡಿಸಿರುವ ಅಂಟು ಗಾಳಿಯ ತೇವವನ್ನು ಹೀರಿ ಕಾಲಕ್ರಮದಲ್ಲಿ ಒಡೆಯುವ ಸಂಭವವುಂಟು. ತೇವದಲ್ಲಿ ಬೂಸಲೂ ಹಿಡಿಯುತ್ತದೆ. ಈ ವಿಷಯದಲ್ಲಿ ಕರಾವಳಿಯ ಟ್ರಂಕಿಗಿಂತ ಮೊಳಕಾಲ್ಮೂರಿನ ಟ್ರಂಕು ಪುಣ್ಯವಂತ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಇಲ್ಲಿ ಬೆಳೆಗೆ ಶಾಪವಾದ ಒಣಹವೆ ಟೇಪಿಗೆ ವರವಾಗಿದೆ. ಧೂಳು ಮಾತ್ರ ಇಲ್ಲಿ ಹೆಚ್ಚು. ವರ್ಷಗಟ್ಟಲೆ ಮುಟ್ಟದಿದ್ದ ಕ್ಯಾಸೆಟ್ಟನ್ನು ನೇರವಾಗಿ ಯಂತ್ರಕ್ಕೆ ಹಾಕದೆ, ಆರು ಮೂಲೆಯ ಪೆನ್ಸಿಲನ್ನು ಅದರ ಕಣ್ಣಿಗೆ ತೂರಿಸಿ ಮೊದಲಿನಿಂದ ಕೊನೆಯವರೆಗೂ, ಕೊನೆಯಿಂದ ಮೊದಲಿನವರೆಗೂ ನಿಧಾನವಾಗಿ ಸುತ್ತಿ ಅಂಟಿಕೊಂಡ ಸುತ್ತುಗಳನ್ನು ಬಿಡಿಸಬೇಕು. ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳು ಇನ್ನೂ ಇದ್ದರೆ ಮುರಿದುಹಾಕಬೇಕು. ಆಗ ಕೈತಪ್ಪಿ ಗುಂಡಿಯೊತ್ತಿದರೂ ಹಾಡು ಅಳಿಸಿಹೋಗುವುದಿಲ್ಲ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿಮಾಡಿದಷ್ಟೂ ಮೊರೆತ ಹೆಚ್ಚುತ್ತದೆ. ಸ್ನೇಹಿತನಿಂದ ಸ್ನೇಹಿತನಿಗೆ ನಾಲ್ಕು ಕೈ ದಾಟಿ ಬಂದ ಹಾಡು ಮೂಲದ ನೆರಳಿನ ನೆರಳು. ಕಂಪ್ಯೂಟರಿಗೆ ತುಂಬಿಸಿದ ಹಾಡಿಗೆ ಈ ದೋಷವಿಲ್ಲ. ಅದರ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಇದು ಹೇಗೆ? ಮೊಳಕಾಲ್ಮೂರಿನ ವಿದ್ಯಾರ್ಥಿಗಳಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಉಳಿದವರಿಗಿಂತ ಸುಲಭ. ಜಕಾರ್ಡ್ ಕೂರಿಸಿದ ಮಗ್ಗವನ್ನು ಅವರು ನೋಡಿರುತ್ತಾರೆ. ಸೀರೆಯ ಅಂಚಿನ ನವಿಲು ಎಲ್ಲಿದೆ? ಮಗ್ಗದ ಮೇಲೆ ತೂಗುವ ರಟ್ಟುಗಳ ಸರದಲ್ಲಿದೆ. ಒಂದೊಂದು ರಟ್ಟಿನಲ್ಲಿಯೂ ಕೆಲವೆಡೆ ತೂತುಂಟು, ಕೆಲವೆಡೆ ಇಲ್ಲ. ತೂತಿರುವಲ್ಲಿ ಹಾಸಿನ ಎಳೆ ಮೇಲೇಳುವುದು, ಇಲ್ಲದಲ್ಲಿ ಏಳದು. ರಟ್ಟು ಹಳತಾಗಿ ಕೊಳೆಯಾದರೂ, ತೂತು ತೂತೇ ಆಗಿರುವವರೆಗೆ ನವಿಲು ಕೆಡುವುದಿಲ್ಲ. ಆ ಸರವನ್ನು ನೋಡಿ ಇನ್ನೊಂದು ಸರ ಕೊರೆದರೆ ಅದರ ನವಿಲೂ ಅದೇ ನವಿಲು.

ಕಂಪ್ಯೂಟರು ಹಾಡನ್ನು ಹೀಗೆಯೇ ರಟ್ಟುಗಳಾಗಿ ಕೊರೆಯುತ್ತದೆ. ಸಿ.ಡಿ.ಗಾಗಿ ಗೊತ್ತುಮಾಡಿದ ಕ್ರಮದಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ಧ್ವನಿಯ ಅಲೆಯ ಎತ್ತರವನ್ನು ಅಳೆದು, ಒಂದೊಂದು ಅಳತೆಯನ್ನೂ ಹದಿನಾರು ತೂತಿನ ಒಂದು ರಟ್ಟಿನಂತೆ ಬರೆದಿಡುತ್ತಾರೆ. ಹದಿನಾರು ಸ್ಥಾನಗಳಲ್ಲಿ 'ಇದೆ, ಇಲ್ಲ' ಎಂಬುದನ್ನು 65,536 ಬಗೆಯಲ್ಲಿ ಜೋಡಿಸಬಹುದಾದುದರಿಂದ ಅಷ್ಟು ಬೇರೆ ಬೇರೆ ಎತ್ತರಗಳನ್ನು ಗುರುತಿಸಬಹುದು. 44,100 ಎಂಬ ಸಂಖ್ಯೆ ಯಾಕೆ? ಮನುಷ್ಯನ ಕಿವಿಗೆ ಕೇಳಿಸುವ ಗರಿಷ್ಠ ಆವರ್ತಸಂಖ್ಯೆ ಸುಮಾರು 20,000. ಒಂದು ಅಲೆಯನ್ನು ಹಿಡಿಯಬೇಕಾದರೆ ಅದರ ಏರನ್ನೂ ಇಳಿವನ್ನೂ ಅಳೆಯಬೇಕು, ಎಂದರೆ ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕು. ಮೂರು ನಿಮಿಷದ ಹಾಡಿಗೆ 79,38,000 ರಟ್ಟುಗಳಾದುವು. ಯಾವ ನೇಕಾರನೂ ಇದಕ್ಕೆ ಒಪ್ಪಿಕೊಳ್ಳುತ್ತಿರಲಿಲ್ಲ. ಆದರೆ ಈಗಿನ ಬೆರಳುಗುರಿನಷ್ಟು ಅಗಲದ ಮೆಮೊರಿ ಕಾರ್ಡಿನಲ್ಲಿ ಇಂತಹ ನೂರಾರು ಹಾಡುಗಳು ಹಿಡಿಸುತ್ತವೆ.

ಮೊದಲ ಪ್ರತಿಯನ್ನು ಎಂ.ಪಿ.3 ರೂಪದಲ್ಲಿ ಮಾಡುವುದು ಬೇಡ. ಆ ಕ್ರಮದಲ್ಲಿ ಕಿವಿಗೆ ಮುಖ್ಯವಲ್ಲವೆಂದು ತೋರಿದ ಅಂಶಗಳನ್ನು ಯಂತ್ರ ಬಿಟ್ಟುಬಿಡುತ್ತದೆ; ಬಿಟ್ಟದ್ದು ಮತ್ತೆ ಬಾರದು. ಪೂರ್ತಿ ಪ್ರತಿಯೊಂದನ್ನು ಇಟ್ಟುಕೊಂಡು ಅದರಿಂದ ಎಷ್ಟು ಎಂ.ಪಿ.3 ಬೇಕಾದರೂ ಮಾಡಿಕೊಳ್ಳಬಹುದು. ಮೊರೆತ ತೆಗೆಯುವ ತಂತ್ರಾಂಶಗಳ ವಿಷಯದಲ್ಲಿಯೂ ನಮ್ಮ ಅಭಿಪ್ರಾಯ ಇದೇ. ಅವುಗಳಿಂದ ವಿಪರೀತವಾಗಿ ತೊಳೆದ ಹಾಡುಗಳಲ್ಲಿ ಗಾಯಕರು ಉಸಿರೆಳೆಯುವುದೂ ಕೇಳಿಸುವುದಿಲ್ಲ. ಶ್ರೀನಿವಾಸರು ನೀರಿನೊಳಗೆ ನಿಂತು ಹಾಡಿದಂತಿರುತ್ತದೆ. ಮೊರೆತವನ್ನು ಇಂದು ಬಿಟ್ಟರೆ ಮುಂದೆ ಉತ್ತಮ ಉಪಾಯ ದೊರೆತಾಗ ತೆಗೆಯಬಹುದು. ಪ್ರತಿಗಳು ಎರಡಾದರೂ ಇರಬೇಕು, ಮತ್ತು ಒಂದೇ ಮನೆಯಲ್ಲಿರಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಅನೇಕರು ಬಿಟ್ಟುಬಿಡುವ ಕೆಲಸವೆಂದರೆ ಬರೆದಿಡುವುದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡಾಗ, ಅಚ್ಚು ಹಾಕುವ ಕಾರ್ಖಾನೆ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ಗೊತ್ತಾಗಬೇಕೆಂದು, ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳುತ್ತಿದ್ದರು. ಇದಕ್ಕಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನ ಉದಾಹರಣೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇದೆ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳು ಒಂದೇ ಆಜ್ಞೆಯ ಪ್ರತಿಗಳು. ಆಜ್ಞೆ ಸುವರ್ಣಗಿರಿಯಿಂದ ಬಂದದ್ದೆಂದೂ ಇಸಿಲದ ಮಹಾಮಾತ್ರರನ್ನು ಉದ್ದೇಶಿಸಿದ್ದೆಂದೂ ಬ್ರಹ್ಮಗಿರಿಯ ಬಂಡೆ ಹೇಳುತ್ತದೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಹಾಕಿದ್ದಾನೆ; 'ಲಿಪಿಕಾರ' ಎಂಬ ಅರ್ಥದ ಮಾತನ್ನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯ ಸೀಮೆಯ ಆ ಲಿಪಿಯನ್ನು ಆತ ಬಲ್ಲವನಾಗಿದ್ದನೆಂದು ಇಂದು ನಾವು ತಿಳಿದುಕೊಂಡಿರುವುದು ಅವನು ಹಾಗೆ ರುಜು ಹಾಕಿದ್ದರಿಂದಲೇ.

ಅಂತೆಯೇ ಪ್ರತಿ ಹಾಡಿನ ಜೊತೆಗೂ ಚಿತ್ರ, ವರ್ಷ, ಸಂಗೀತ ನಿರ್ದೇಶಕರು, ಬರೆದವರು, ಜೊತೆಗೆ ಹಾಡಿದವರು ಇಷ್ಟನ್ನು ಬರೆಯಬೇಕು. ಪ್ಲೇಟಾಗಿದ್ದರೆ ಚೀಟಿಯ ಮೇಲಿನ ಸಂಖ್ಯೆ, ಮತ್ತು ಚೀಟಿಯ ಸುತ್ತ ಅರಗಿನಲ್ಲಿಯೇ ಒತ್ತಿರುವ ಇನ್ನೊಂದು ಸಂಖ್ಯೆ. ಯಾವ ಯಂತ್ರದಿಂದ, ಯಾವ ದಿನ, ಯಾರು ಪ್ರತಿಮಾಡಿದರು ಎಂಬುದನ್ನೂ ಸೇರಿಸಬೇಕು. ಶ್ರೀನಿವಾಸರ ಹಾಡನ್ನು ಕೇಳಿದವರು ರಾಜ್‌ಕುಮಾರರನ್ನು ಮಾತ್ರ ನೆನೆದು, ವಾದ್ಯಗೋಷ್ಠಿಯವರ ಹೆಸರು ಎಲ್ಲಿಯೂ ದಾಖಲಾಗದೆ ಹೋದದ್ದನ್ನು ನೆನೆದಾಗ ಈ ಶ್ರಮ ಹೆಚ್ಚೆನಿಸದು. ಇನ್ನು ಕಾನೂನಿನ ಮಾತು: ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ನಡೆಯುತ್ತದೆ, ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣಾನಂತರವೂ ಅಷ್ಟೇ ಕಾಲ ಉಳಿಯುತ್ತದೆ. ಮನೆಯಲ್ಲಿ ಕೇಳಲು ಮಾಡಿಕೊಂಡ ಸಂಗ್ರಹವನ್ನು ಪ್ರತಿಮಾಡಿ ಮಾರುವುದಕ್ಕೆ ಯಾರೂ ಹೊರಡಬಾರದು.

ನಾವು ಕೇಳಿದ ಒಂದು ಕ್ಯಾಸೆಟ್ಟಿನ ಸಂಗತಿಯನ್ನು ಇಲ್ಲಿ ಹೇಳಬೇಕು. ಅದು ಮೊಳಕಾಲ್ಮೂರಿನ ಒಂದು ನೇಕಾರರ ಮನೆಯದು. ರೇಡಿಯೋದ ಮುಂದೆ ಟೇಪ್ ರೆಕಾರ್ಡರನ್ನಿಟ್ಟು ತುಂಬಿಸಿದ್ದು. ಶ್ರೀನಿವಾಸರ ಏಳು ಹಾಡುಗಳು. ಹಾಡುಗಳ ಗುಣಮಟ್ಟ ಸಾಧಾರಣ. ಅವೆಲ್ಲವೂ ಬೇರೆಡೆ ಇದಕ್ಕಿಂತ ಚೆನ್ನಾಗಿ ದೊರೆಯುತ್ತವೆ. ಮನೆಯ ತರುಣರು ಆ ಕ್ಯಾಸೆಟ್ಟನ್ನು ಬಿಸಾಡುವುದರಲ್ಲಿದ್ದರು. ಮೂರನೆಯ ಹಾಡಿನ ಹಿಂದೆ ಮಗ್ಗದ ಸದ್ದು ಲಯಬದ್ಧವಾಗಿ ಕೇಳಿಸುತ್ತದೆ, ಮತ್ತು ಹಾಡಿನ ಲಯಕ್ಕೂ ಅದಕ್ಕೂ ಹೊಂದಿಕೆಯಿಲ್ಲ. ನಾಲ್ಕನೆಯ ಹಾಡು ಮುಗಿದು ಉದ್ಘೋಷಕರು ಮಾತನಾಡುತ್ತಿರುವಾಗ ಮುದುಕಿಯೊಬ್ಬಳ ಧ್ವನಿ: "ಕೊಡ ತುಂಬೈತೇನೋ ನೋಡ್ಲಾ, ಸಣ್ಣೋನೆ." ಇಷ್ಟೇ. ಅದು ಯಾರ ಧ್ವನಿಯೆಂದು ತರುಣರಿಗೆ ತಿಳಿಯಲಿಲ್ಲ. ಒಳಗಿನಿಂದ ಬಂದ ಮನೆಯ ಹಿರಿಯರು ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿ, "ನಮ್ಮಮ್ಮ" ಎಂದರು. 'ಸಣ್ಣೋನು' ಅವರೇ. ಆಕೆಯ ಧ್ವನಿ ಬೇರೆಲ್ಲಿಯೂ ಇಲ್ಲ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ತುಂಬಿಸುವವರು ಹಾಡುಗಳನ್ನು ಮಾತ್ರ ಆರಿಸಿ ತೆಗೆಯದೆ, ಮೊದಲ ಸಲ ಎರಡೂ ಮುಖಗಳನ್ನು ಆದಿಯಿಂದ ಅಂತ್ಯದವರೆಗೆ, ಖಾಲಿಯೆಂದು ತೋರುವ ಭಾಗವನ್ನೂ ಬಿಡದೆ ತುಂಬಿಸಬೇಕೆಂದು ನಾವು ಹೇಳುವುದು ಇದಕ್ಕಾಗಿ. ಖಾಲಿ ಭಾಗಕ್ಕೆ ಇನ್ನೊಂದು ಉಪಯೋಗವೂ ಇದೆ. ವಿದ್ಯುತ್ತಿನಿಂದ ನಡೆದ ಯಂತ್ರವಾಗಿದ್ದರೆ ಅದರ ಸಣ್ಣ ಗುಂಯ್‌ಗಾರವೂ ಟೇಪಿಗೆ ಇಳಿದಿರುತ್ತದೆ. ಅದು 50ರ ಬದಲು 52 ಎಂದು ಕಂಡುಬಂದರೆ ಟೇಪು ವೇಗವಾಗಿ ಓಡುತ್ತಿದೆಯೆಂದು ಊಹಿಸಬಹುದು. ಹಿಂದೆ ನಮ್ಮ ವಿದ್ಯುತ್ತಿನ ಆವರ್ತವೂ ಅಷ್ಟಿಷ್ಟು ಏರಿಳಿಯುತ್ತಿದ್ದುದರಿಂದ ಇದನ್ನು ಅಂದಾಜೆಂದೇ ತಿಳಿಯಬೇಕು.

ಒಂದೂ ಪ್ಲೇಟು ಕೊಡದ ಗಾಯಕರ ಭಂಡಾರವನ್ನು ಕಟ್ಟುವುದು ಹೇಗೆ? ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಅಕ್ಷರ ಕಲಿತವರಲ್ಲ. ಕಾಡುಗೊಲ್ಲರ ವೀರರ ಕಥೆಗಳನ್ನೂ ದೇವರ ಪದಗಳನ್ನೂ ಮದುವೆಯ ಹಾಡುಗಳನ್ನೂ ನೆನಪಿನಿಂದಲೇ ಹಾಡುತ್ತಿದ್ದವರು. ಅವರ ಹಾಡುಗಳಲ್ಲಿ ಯಾವುದು 'ಜನಪ್ರಿಯ' ಎಂಬುದನ್ನು ಮಾರಾಟದ ಲೆಕ್ಕ ಹೇಳುತ್ತಿರಲಿಲ್ಲ. ಹಟ್ಟಿಯವರು ಯಾವುದನ್ನು ಮತ್ತೆ ಮತ್ತೆ ಕೇಳುತ್ತಿದ್ದರೋ ಅದೇ ಜನಪ್ರಿಯ. ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ಸಂಗ್ರಹಿಸಿ, ಬರಹಕ್ಕಿಳಿಸಿ, ಪುಸ್ತಕವಾಗಿ ಹೊರತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. ಅಜ್ಜಿ ಈಗಿಲ್ಲ, ಸಂಗ್ರಹಿಸಿದ ಹಾಡುಗಳಿವೆ.

ಪ್ಲೇಟಿನ ಹಾಡು ಎಷ್ಟು ಸಲ ಹಾಕಿದರೂ ಒಂದೇ. ಅಜ್ಜಿಯಂಥವರ ಹಾಡು ಹಾಗಲ್ಲ. ಕೇಳುವವರು ಯಾರು, ದನಿಗೂಡಿಸುವವರು ಯಾರು, ಹಬ್ಬವೋ ಬರಿದಿನವೋ ಎಂಬುದರ ಮೇಲೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ, ನುಡಿಗಳು ಜಾಗ ಬದಲಿಸುತ್ತವೆ. ಆದುದರಿಂದ ಒಂದೇ ಹಾಡನ್ನು ಎರಡು ಮೂರು ಸಂದರ್ಭಗಳಲ್ಲಿ ಮುದ್ರಿಸಿಕೊಳ್ಳುವುದು ವ್ಯರ್ಥವಲ್ಲ. ಸಿನಿಮಾ ಹಾಡಿನಲ್ಲಿ ಸಿನಿಮಾ, ಪ್ಲೇಟು ಎಂಬ ಎರಡು ಪಾಠಗಳಿದ್ದರೆ ಇಲ್ಲಿ ಹಾಡಿದಷ್ಟೂ ಪಾಠಗಳು.

ಈ ಸೀಮೆಯ ಹಟ್ಟಿಗಳಲ್ಲಿಯೂ ನೇಕಾರರ ಕೇರಿಗಳಲ್ಲಿಯೂ ಹಾಡಬಲ್ಲ ಹಿರಿಯರು ಇನ್ನೂ ಇದ್ದಾರೆ, ಮತ್ತು ವಿದ್ಯಾರ್ಥಿಗಳಲ್ಲಿ ಹಲವರ ಜೇಬಿನಲ್ಲಿ ಧ್ವನಿ ಮುದ್ರಿಸುವ ಫೋನಿದೆ. ರಜೆಯಲ್ಲಿ ಈ ಕೆಲಸಕ್ಕೆ ತೊಡಗುವವರು ಮೊದಲು ಅಜ್ಜಿಯ ಒಪ್ಪಿಗೆ ಕೇಳಬೇಕು. ಕೆಲವು ಹಾಡುಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಡಬಾರದೆಂಬ ನಿಯಮವಿರಬಹುದು, ಅದನ್ನು ಮೀರುವಂತೆ ಒತ್ತಾಯಿಸಬಾರದು. ಫ್ಯಾನನ್ನು ನಿಲ್ಲಿಸಬೇಕು. ಹಾಡುವವರ ಬಾಯಿಗೂ ಫೋನಿಗೂ ಒಂದೆರಡು ಅಡಿ ದೂರವಿರಲಿ. ದೂರ ಇಮ್ಮಡಿಯಾದರೆ ನೇರವಾಗಿ ಬರುವ ಧ್ವನಿಯ ತೀವ್ರತೆ ಕಾಲು ಪಾಲಿಗೆ ಇಳಿದು ಗೋಡೆಯ ಮಾರ್ದನಿಯೇ ಮುಂದಾಗುತ್ತದೆ. ಹಾಡಿಗೆ ಮುಂಚೆ ಊರು, ದಿನ, ಹಾಡುವವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಬೇಕು. ಫೋನನ್ನು ಬರಿಯ ನೆಲದ ಮೇಲಿಡದೆ, ನಾಲ್ಕು ಮಡಿಕೆ ಮಾಡಿದ ಕಂಬಳಿಯ ಮೇಲಿಟ್ಟರೆ ಅಜ್ಜಿ ತಾಳಕ್ಕೆ ಕಾಲು ಕುಟ್ಟುವ ಸದ್ದು ನೆಲದ ಮೂಲಕ ಏರಿ ಹಾಡನ್ನು ಮುಚ್ಚುವುದಿಲ್ಲ. ಗಾಳಿಯ ಮೂಲಕ ಬರುವಷ್ಟು ಬಂದೇ ಬರುತ್ತದೆ.